ಡಿಕ್ಕಿಯಲ್ಲಿ ಉಪ್ಪು

ನಮ್ಮ ಕಾರಿನಲ್ಲಿ ಡ್ರೈವರ್ ಪಕ್ಕದ ಸೀಟು ಅಮ್ಮನದು. ಈ ವಿಷಯದಲ್ಲಿ ಮನೆಯಲ್ಲಿ ಚರ್ಚೆಯೇ ಇಲ್ಲ. ಬೀಗರು ಬಂದರೂ ಹಿಂದೆ, ಮೊಣಕಾಲು ನೋವಿನ ದೊಡ್ಡಮ್ಮ ಬಂದರೂ ಹಿಂದೆ. ಓಡಿಸುವುದು ಅಣ್ಣ. ನಾನು ಬಲ್ಮಠದ ಕಾಲೇಜೊಂದರ ಆಫೀಸಿನಲ್ಲಿ ನಾಲ್ಕು ಜನರ ಮೇಲೆ ಅಧಿಕಾರ ನಡೆಸುವವಳು, ತಲೆ ಅರ್ಧ ಬೆಳ್ಳಗಾಗಿದೆ, ಆದರೂ ಕಾರಿನಲ್ಲಿ ನನ್ನ ಜಾಗ ಹಿಂದೆ, ಮೀನಿನ ಪ್ಲಾಸ್ಟಿಕ್ ತೊಟ್ಟೆಗಳ ಪಕ್ಕ.

ಇದಕ್ಕೆ ಕಾರಣ ಒಂದು ಬಸ್ಸು. ಅಮ್ಮ ಚಿಕ್ಕವಳಿದ್ದಾಗ ಅಜ್ಜಿ ಮೀನಿನ ಬುಟ್ಟಿ ಹೊತ್ತು ಕಡಲ ಬದಿಯಿಂದ ಬಿಕರ್ನಕಟ್ಟೆಯವರೆಗೆ ಮಾರಿಕೊಂಡು ಹೋಗುತ್ತಿದ್ದರು. ಬೆರಳು ಹಿಡಿದುಕೊಂಡು ಅಮ್ಮನೂ ಜೊತೆಗೆ. ಆಗ ಆ ದಾರಿಯಲ್ಲಿ ಮರದ ಬಾಡಿಯ ಒಂದು ಬಸ್ಸು ಓಡುತ್ತಿತ್ತು. ಎಂಜಿನ್ ಅಮೆರಿಕದ್ದು, ಮೂತಿಯ ಮೇಲೆ ಓರೆ ಅಕ್ಷರದ ಬಿಲ್ಲೆ. ಕಂಡಕ್ಟರಿಗೆ ಮನಸ್ಸು ಬಂದ ದಿನ ಬುಟ್ಟಿ ಬಸ್ಸಿನ ತಲೆಯ ಮೇಲೆ, ಅಜ್ಜಿ ಹಿಂದಿನ ಬಾಗಿಲ ಹತ್ತಿರ ನಿಂತುಕೊಂಡು. ಮನಸ್ಸು ಬರದ ದಿನ ಬಸ್ಸು ಮುಂದೆ, ಇವರಿಬ್ಬರು ಹಿಂದೆ, ನಡೆದುಕೊಂಡು. ಸೀಟು ಖಾಲಿ ಇದ್ದರೂ ಕೂರುವಂತಿರಲಿಲ್ಲ, ವಾಸನೆ ಎಂದು ಉಳಿದವರು ಮೂಗು ಮುಚ್ಚುತ್ತಿದ್ದರು. ಅಮ್ಮನಿಗೆ ಆ ಕಾಲದ ಬೇರೆ ಎಷ್ಟೋ ಸಂಗತಿ ಮರೆತುಹೋಗಿದೆ, ಆ ಬಿಲ್ಲೆ ಮಾತ್ರ ಮರೆತಿಲ್ಲ.

ಅಮ್ಮನೂ ಮುಂದೆ ಮೀನು ಮಾರಿಯೇ ನಮ್ಮಿಬ್ಬರನ್ನು ಓದಿಸಿದಳು. ಅಣ್ಣ ಓದಿದ್ದಕ್ಕಿಂತ ಓಡಿಸಿದ್ದು ಹೆಚ್ಚು. ಗಲ್ಫಿನಲ್ಲಿ ಒಬ್ಬ ಅರಬಿಯ ಮನೆಯಲ್ಲಿ ಡ್ರೈವರ್ ಆಗಿದ್ದ. ಅಲ್ಲಿ ಅವನ ಕೈಗೆ ಸಿಕ್ಕಿದ್ದು ಅದೇ ಅಮೆರಿಕದ ಕಂಪನಿಯ, ನಮ್ಮ ಅಡುಗೆಮನೆಯಷ್ಟು ದೊಡ್ಡದಾದ ಗಾಡಿ. ಊರಿಗೆ ವಾಪಸು ಬಂದವನು ಅತ್ತರಿಗಿಂತ ಹೆಚ್ಚಾಗಿ ಆ ಕಂಪನಿಯ ಗುಣಗಾನ ತಂದಿದ್ದ. ಮನೆಗೆ ಮೊದಲ ಕಾರು ತೆಗೆದುಕೊಳ್ಳುವ ಮಾತು ಬಂದಾಗ ಅವನು ನೇರ ಆ ಶೋರೂಮಿಗೇ ನಮ್ಮನ್ನು ಕರೆದುಕೊಂಡು ಹೋದ. ಅಮ್ಮ ಕಾರಿನ ಬಣ್ಣ ನೋಡಲಿಲ್ಲ, ಸೀಟು ಒತ್ತಿ ನೋಡಲಿಲ್ಲ. ಮೂತಿಯ ಮೇಲಿನ ಬಿಲ್ಲೆಯ ಮೇಲೆ ಬೆರಳಾಡಿಸಿ, "ಇದು ಆ ಬಸ್ಸಿನದ್ದೇ ಅಲ್ವಾ?" ಎಂದು ಕೇಳಿದಳು. ಹೌದೆಂದು ತಿಳಿದ ಕೂಡಲೇ ಮುಂದಿನ ಬಾಗಿಲು ತೆಗೆದು ಕೂತಳು. ಆ ಸೀಟು ಅಂದೇ ನೋಂದಣಿಯಾಯಿತು ಎನ್ನಬೇಕು.

ಕಂಪನಿಯ ಚರಿತ್ರೆಯನ್ನು ನಾವು ಅಣ್ಣನ ಬಾಯಿಂದ ಕೇಳಿ ಕೇಳಿ ಕಂಠಪಾಠ ಮಾಡಿಕೊಂಡಿದ್ದೇವೆ. ಅದನ್ನು ಕಟ್ಟಿದವನು ಒಬ್ಬ ರೈತನ ಮಗ. ಕಾರು ಶ್ರೀಮಂತರ ಸೊತ್ತು ಎನ್ನುವ ಕಾಲದಲ್ಲಿ ಸಾಮಾನ್ಯರೂ ಕೊಳ್ಳುವ ಕಾರು ಮಾಡುತ್ತೇನೆಂದು ಹೊರಟವನು. ಅವನ ಕಾರ್ಖಾನೆಯಲ್ಲಿ ಕೆಲಸದವರು ನಿಂತಲ್ಲೇ ನಿಲ್ಲುತ್ತಿದ್ದರಂತೆ, ಕಾರು ಅವರ ಮುಂದೆ ಸಾಗುತ್ತಿತ್ತಂತೆ. ಒಬ್ಬ ಚಕ್ರ ಹಾಕಿದರೆ ಇನ್ನೊಬ್ಬ ಬೋಲ್ಟ್ ಬಿಗಿಯುವುದು. ಅಣ್ಣ ಇದನ್ನು ಪ್ರಪಂಚದ ಎಂಟನೇ ಅದ್ಭುತದಂತೆ ಹೇಳಿದರೆ ಅಮ್ಮ ಬಂಗುಡೆ ಕೊಯ್ಯುತ್ತಾ, "ಅದರಲ್ಲಿ ಎಂತ ಉಂಟು? ಮೀನಿನ ಫ್ಯಾಕ್ಟರಿಯಲ್ಲಿ ಹೆಂಗಸರು ಸಾಲಾಗಿ ಕೂತು ಸಿಗಡಿ ಸುಲಿಯುವುದು ಮತ್ತೆಂತ?" ಎಂದಳು.

ಕಾರು ಬಂದ ಮೇಲೆ ಅಮ್ಮ ವ್ಯಾಪಾರ ಬಿಟ್ಟಳು, ಆದರೆ ದಕ್ಕೆ ಬಿಡಲಿಲ್ಲ. ಬೆಳಿಗ್ಗೆ ಬೋಟುಗಳು ಬಂದು ಮೀನು ಇಳಿಯುವ ಹೊತ್ತಿಗೆ ಅಲ್ಲಿರಬೇಕು. ಯಾರ ಮನೆಗೂ ಬರಿಗೈಯಲ್ಲಿ ಹೋಗುವ ಜಾತಿ ಅವಳದಲ್ಲ. ಮಳೆಗಾಲದ ರಜೆ ಮುಗಿದು ಬೋಟುಗಳು ಮತ್ತೆ ಕಡಲಿಗಿಳಿದರೆ ಮೊದಲ ಮೀನು ನೆಂಟರಿಷ್ಟರ ಮನೆಗೆಲ್ಲ ಹೋಗಲೇಬೇಕು. ದೊಡ್ಡ ಮೀನು ಡಿಕ್ಕಿಯಲ್ಲಿ, ಸಣ್ಣದು ನನ್ನ ಪಕ್ಕ. ಡಿಕ್ಕಿ ತೆರೆದರೆ ಅರ್ಧ ದಕ್ಕೆ ಎದುರು ಬಂದಂತಾಗುತ್ತಿತ್ತು. ನಾನು ಆಫೀಸಿಗೆ ಆ ಕಾರಿನಲ್ಲಿ ಹೋದ ದಿನ ಬೆಕ್ಕೊಂದು ಹಿಂದಿನ ಟಯರಿನ ಹತ್ತಿರ ಸಂಜೆವರೆಗೂ ಡ್ಯೂಟಿ ಮಾಡಿದ್ದುಂಟು.

ಅಣ್ಣನ ಇನ್ನೊಂದು ಸಂಸಾರವೆಂದರೆ ಆ ಕಂಪನಿಯ ಕಾರಿದ್ದವರ ಗುಂಪು. ಮೊದಲು ಫೋನಿನಲ್ಲಿ ಮಾತ್ರ ಇದ್ದವರು ಆಮೇಲೆ ಭಾನುವಾರ ಬೆಳಿಗ್ಗೆ ಪಂಪ್‌ವೆಲ್ ಹತ್ತಿರದ ಒಂದು ಹೋಟೆಲಿನಲ್ಲಿ ಸೇರತೊಡಗಿದರು. ಕಾರುಗಳನ್ನು ಹೊರಗೆ ಸಾಲಾಗಿ ನಿಲ್ಲಿಸಿ, ಒಳಗೆ ಗೋಳಿಬಜೆ ತಿನ್ನುತ್ತಾ ಅವುಗಳನ್ನೇ ಹೊಗಳುವುದು. ಒಮ್ಮೆ ನಾನೂ ಹೋಗಿದ್ದೆ. ಒಬ್ಬರು ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಸ್ಟಿಯರಿಂಗ್ ಎಷ್ಟು ಗಟ್ಟಿ ನಿಂತಿತೆಂದು ಹೇಳಿದರು, ಇನ್ನೊಬ್ಬರು ಸರ್ವೀಸಿಗೆ ಕೊಟ್ಟರೆ ಜೇಬು ಹೇಗೆ ಹಗುರಾಗುತ್ತದೆಂದು ಗೊಣಗಿದರು, ಮೂರನೆಯವರು ಎದ್ದು ಹೋಗಿ ಬಾಗಿಲು ತೆಗೆದು ಹಾಕಿ, "ಕೇಳಿ, ಈ ಶಬ್ದ ಕೇಳಿ!" ಎಂದರು. ದಪ್ಪ ಬಾಗಿಲು, ಧಪ್ಪೆಂದು ಕೂರುತ್ತದೆ. ಎಲ್ಲರೂ ಸಂಗೀತ ಕೇಳಿದವರಂತೆ ತಲೆಯಾಡಿಸಿದರು. ನಗು ತಡೆಯಲು ನಾನು ಇನ್ನೊಂದು ಗೋಳಿಬಜೆ ಬಾಯಿಗೆ ಹಾಕಿಕೊಂಡೆ.

ಹಾಗಿರುವಾಗ ಕಂಪನಿ ನಮ್ಮ ದೇಶದಲ್ಲಿ ಕಾರು ಮಾಡುವುದನ್ನು ನಿಲ್ಲಿಸುತ್ತದೆಂಬ ಸುದ್ದಿ ಬಂತು. ಭಾನುವಾರದ ಗುಂಪು ಸಾವಿನ ಮನೆಯಂತಾಯಿತು. ಸರ್ವೀಸ್ ಸಿಗುತ್ತದೆ ಎಂದು ಹೇಳಿದ್ದರೂ ಹಳೆಯ ಮಾದರಿಯ ಕೆಲವು ಬಿಡಿಭಾಗಗಳಿಗೆ ಪರದಾಟ ಶುರುವಾಯಿತು. ಅಣ್ಣ ಮನೆಗೆ ಬಂದು, "ಇನ್ನು ನಮ್ಮ ಕಾರು ಹಾಳಾದರೆ ಹಾಳಾದ್ದೇ ಅಮ್ಮ" ಎಂದ. ಅಮ್ಮ ಎದ್ದು ಅಡುಗೆಮನೆಗೆ ಹೋದಳು. ನಾವು ಅವಳನ್ನು ಗಮನಿಸಲೂ ಇಲ್ಲ.

ಕಾರಿಗೆ ಹದಿನೈದು ತುಂಬುವಾಗ ಅಸಲಿ ಪರೀಕ್ಷೆ ಬಂತು. ನೋಂದಣಿ ನವೀಕರಿಸಬೇಕಾದರೆ ಆರ್‌ಟಿಒದವರು ಗಾಡಿ ನೋಡಿ ಒಪ್ಪಬೇಕು. ಒಪ್ಪದಿದ್ದರೆ ಗುಜರಿ. ಮೊದಲೇ ಒಮ್ಮೆ ತೋರಿಸೋಣವೆಂದು ಅಣ್ಣ ಗ್ಯಾರೇಜಿಗೆ ತಂದ, ಅಮ್ಮನೂ ನಾನೂ ಜೊತೆಗಿದ್ದೆವು. ಎಂಜಿನ್ ಚೆನ್ನಾಗಿತ್ತು, ಬ್ರೇಕ್ ಚೆನ್ನಾಗಿತ್ತು. ಟಿಂಕರಿಂಗ್ ಮಾಡುವವರು ಡಿಕ್ಕಿಯ ಮ್ಯಾಟ್ ಎತ್ತಿದರು, ಎತ್ತಿದವರು ಹಾಗೇ ನಿಂತರು. ಕೆಳಗೆ ತುಕ್ಕು ಹಿಡಿದ ತಗಡಿನ ನಡುವಿನಿಂದ ಗ್ಯಾರೇಜಿನ ನೆಲ ಕಾಣುತ್ತಿತ್ತು. ಅಂಚಿನಲ್ಲೆಲ್ಲ ಕಂದು ಬಣ್ಣದ ಗಡ್ಡೆ ಗಡ್ಡೆ. ಒಂದನ್ನು ಪುಡಿಮಾಡಿ ನೋಡಿ, "ಇದೆಂತ ಮಾರಾಯ್ರೆ, ಉಪ್ಪಾ?" ಎಂದರು.

ಅಣ್ಣ ನನ್ನ ಮುಖ ನೋಡಿದ, ನಾನು ಅಣ್ಣನ ಮುಖ.

"ನಾನು ಹಾಕಿದ್ದು," ಅಂದಳು ಅಮ್ಮ. "ಹಾಳಾಗಬಾರ್ದು ಅಂತ."

ಬದುಕಿಡೀ ಮೀನಿಗೆ ಕಲ್ಲುಪ್ಪು ಹಾಕಿ ಕಾಪಾಡಿದವಳು ಅವಳು. ಉಪ್ಪು ಬಿದ್ದದ್ದು ಕೆಡುವುದಿಲ್ಲ ಎನ್ನುವುದು ನಮ್ಮ ಮನೆಯಲ್ಲಿ ಹೇಳಿಕೊಡಬೇಕಾದ ಪಾಠವೇ ಅಲ್ಲ. ಕಾರು ಮಾಡುವವರೇ ಹೋಗುತ್ತಾರೆಂದು ಕೇಳಿದ ದಿನದಿಂದ, ವಾಸನೆಯೂ ಹೋಗಲಿ, ದೃಷ್ಟಿಯೂ ತಾಗದಿರಲಿ, ಕಾರೂ ಉಳಿಯಲಿ ಎಂದು ಮ್ಯಾಟಿನ ಅಡಿಗೆ ಹಿಡಿ ಹಿಡಿ ಸುರಿಯುತ್ತಾ ಬಂದಿದ್ದಳು. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎನ್ನುತ್ತಾರೆ. ನಮ್ಮ ಕಾರು ಉಪ್ಪೂ ತಿಂದಿತ್ತು, ಮೀನಿನ ಐಸಿನ ನೀರೂ ಕುಡಿದಿತ್ತು. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ಅವಳ ಮುಖ ನೋಡಿದಾಗ ಎರಡೂ ಹೋದವು.

ಮೇಲಿನಿಂದ ತಗಡು ಬೆಸೆದರೆ ಆಗುವುದಿಲ್ಲವೇ ಎಂದು ಅಣ್ಣ ಕೇಳಿದ. ಬೆಸೆಯಬೇಕಾದರೆ ಸುತ್ತ ಗಟ್ಟಿ ಕಬ್ಬಿಣ ಬೇಕಲ್ಲ, ಇಲ್ಲಿ ಹಿಡಿದುಕೊಳ್ಳಲು ಏನೂ ಉಳಿದಿಲ್ಲ, ಇದೇ ಮಾದರಿಯ ಇನ್ನೊಂದು ಕಾರಿನ ಹಿಂದಿನ ತಳವನ್ನು ಪೂರ್ತಿ ಕೊಯ್ದು ತಂದರೆ ಮಾತ್ರ ದಾರಿ ಎಂದರು ಟಿಂಕರಿಂಗಿನವರು.

ಕಾರು ಗ್ಯಾರೇಜಿನಲ್ಲೇ ಉಳಿಯಿತು. ಅಮ್ಮ ದಕ್ಕೆಗೆ ಹೋಗುವುದನ್ನು ನಿಲ್ಲಿಸಿದಳು. ರಿಕ್ಷಾ ಮಾಡುತ್ತೇನೆಂದರೆ ಬೇಡ. ಬೇರೆ ಕಾರು ತೆಗೆದುಕೊಳ್ಳೋಣ ಎಂದ ಅಣ್ಣನಿಗೆ, "ಅದರ ಮೂತಿಯಲ್ಲಿ ಆ ಬಿಲ್ಲೆ ಇರ್ತದಾ?" ಎಂದು ಕೇಳಿದಳು.

ಆ ಮಾದರಿಯ ನಿಂತುಹೋದ ಕಾರೊಂದು ಇದೆಯೆಂದು ಗುಂಪಿನವರಿಗೆಲ್ಲ ಗೊತ್ತಿತ್ತು. ಬಿಕರ್ನಕಟ್ಟೆಯ ಒಬ್ಬ ಹಿರಿಯರದು. ರೈಲ್ವೆಯಲ್ಲಿದ್ದು ನಿವೃತ್ತರಾದವರು, ಮನೆಮಾತು ಕೊಂಕಣಿ, ಪ್ರತಿ ವಾರ ಬಾಲಯೇಸುವಿನ ಗುಡಿಗೆ ಹೋಗುವವರು. ಗಾಳಿಮಳೆಗೆ ಮಾವಿನ ಮರದ ಕೊಂಬೆ ಬಿದ್ದು ಅವರ ಕಾರಿನ ಮುಂಭಾಗ ಅಪ್ಪಚ್ಚಿಯಾಗಿತ್ತು. ಅದನ್ನು ಶೆಡ್ಡಿನಲ್ಲಿ ಬಟ್ಟೆ ಹೊದಿಸಿ ಇಟ್ಟುಕೊಂಡಿದ್ದರು. ಲೈಟು ಕೊಡಿ, ಕನ್ನಡಿ ಕೊಡಿ ಎಂದು ಹೋದವರನ್ನೆಲ್ಲ ಚಾ ಕೊಟ್ಟು ಬರಿಗೈಯಲ್ಲಿ ಕಳುಹಿಸಿದ್ದರು. ತುಂಡು ತುಂಡು ಮಾಡಲು ಅದೇನು ಕುರಿಯಾ ಎನ್ನುತ್ತಿದ್ದರಂತೆ. ಅಣ್ಣನಿಗೆ ಕೇಳುವ ಧೈರ್ಯವಿರಲಿಲ್ಲ.

"ನಾನು ಕೇಳ್ತೇನೆ," ಅಂದಳು ಅಮ್ಮ. "ಉಪ್ಪು ಹಾಕಿದ್ದು ನಾನಲ್ವಾ?"

ಕಾರಿಲ್ಲದ ಕಾರಣ ಅಮ್ಮನೂ ನಾನೂ ಬಸ್ಸಿನಲ್ಲೇ ಹೋದೆವು. ಮನೆ ಬಾಗಿಲಿಗೆ ಬಂದ ಮೀನಿನವಳಿಂದ ಅಮ್ಮ ನಾಲ್ಕು ಒಳ್ಳೆಯ ಕಾಣೆ ಮೀನು ಆರಿಸಿ, ತೊಳೆದು, ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಮೇಲೆ ಎರಡು ತೊಟ್ಟೆ ಕಟ್ಟಿದ್ದಳು. ಬಸ್ಸಿನಲ್ಲಿ ಮುಂದೆ ಹೆಂಗಸರ ಸೀಟು ಖಾಲಿಯಿತ್ತು. ಅಮ್ಮ ಡಬ್ಬಿಯನ್ನು ಎದೆಗೊತ್ತಿಕೊಂಡು ಹಿಂದಿನ ಬಾಗಿಲ ಹತ್ತಿರವೇ ನಿಂತಳು. ಕಂಡಕ್ಟರ್ ಹುಡುಗ, "ಅಮ್ಮ, ಮುಂದೆ ಸೀಟುಂಟು, ಕೂತ್ಕೊಳ್ಳಿ" ಎಂದ. ಅವಳು ಅಲ್ಲಾಡಲಿಲ್ಲ. ಡಬ್ಬಿಯಿಂದ ವಾಸನೆ ಬರುತ್ತಿರಲಿಲ್ಲ. ನಾನೂ ಅವಳ ಪಕ್ಕ ಕಂಬ ಹಿಡಿದು ನಿಂತೆ.

ಆ ಮನೆಯಲ್ಲಿ ಕಥೆಯನ್ನು ಅವಳು ಒಂದನ್ನೂ ಮುಚ್ಚಿಡದೆ ಹೇಳಿದಳು. ತುಳುವಿನಲ್ಲಿ ಕ್ರೈಸ್ತ ಯಜಮಾನರನ್ನು ಗೌರವದಿಂದ ಕರೆಯುವಂತೆ 'ಪೊರ್ಬುಲೇ' ಎಂದು ಕರೆದು, ಅಜ್ಜಿಯ ಬಸ್ಸು, ಬಿಲ್ಲೆ, ಮುಂದಿನ ಸೀಟು, ಎಲ್ಲಕ್ಕಿಂತ ಕೊನೆಗೆ ಉಪ್ಪು. ಉಪ್ಪಿನ ಹತ್ತಿರ ಬರುವಾಗ ಅವರು ನಗತೊಡಗಿದರು. ಕೆಮ್ಮು ಬರುವವರೆಗೂ ನಕ್ಕು ಕಣ್ಣೊರಸಿಕೊಂಡರು.

"ನೀವು ಉಪ್ಪು ಹಾಕಿದ್ರಿ, ನಾನು ಬಟ್ಟೆ ಹೊದಿಸಿದೆ," ಎಂದರು, ಕೊಂಕಣಿಯಲ್ಲಿ ಹೆಂಗಸರನ್ನು ಕರೆಯುವಂತೆ ಅಮ್ಮನನ್ನು 'ಬಾಯಿ' ಎಂದು ಕರೆದು. "ಎರಡೂ ಒಂದೇ ಅಲ್ವಾ ಬಾಯಿ? ಓಡದ ಮೇಲೆ ಕಾರು ಎಂತಕ್ಕೆ?"

ಶೆಡ್ಡಿಗೆ ಕರೆದುಕೊಂಡು ಹೋಗಿ ಬಟ್ಟೆ ಸರಿಸಿದರು. ಮುಂದಿನಿಂದ ನೋಡಲಾಗುತ್ತಿರಲಿಲ್ಲ, ಹಿಂದಿನಿಂದ ಹೊಸತರ ಹಾಗೆ. ಡಿಕ್ಕಿಯ ಮೇಲೆ ಅಂಗೈ ಆಡಿಸಿದರು.

"ಕೊಡ್ತೇನೆ. ಆದ್ರೆ ನಿಮ್ಮದು ಓಡಿದ ಮೇಲೆ ನನ್ನನ್ನು ಒಂದು ರೌಂಡ್ ಕರ್ಕೊಂಡು ಹೋಗ್ಬೇಕು."

ಅಮ್ಮ ಮೀನಿನ ಡಬ್ಬಿ ಅವರ ಕೈಗೆ ಕೊಟ್ಟಳು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಒಪ್ಪಂದವಿಲ್ಲ.

ಗ್ಯಾರೇಜಿನವರು ಆ ಕಾರಿನ ಹಿಂದಿನ ತಳ ಕೊಯ್ದು ನಮ್ಮದಕ್ಕೆ ಬೆಸೆದರು. ಗುಂಪಿನವರು ಸರದಿಯಲ್ಲಿ ಬಂದು ನೋಡಿಹೋದರು, ಹೆರಿಗೆ ಆಸ್ಪತ್ರೆಗೆ ಬಂದವರ ಹಾಗೆ. ಪರೀಕ್ಷೆಯ ದಿನ ಅಣ್ಣ ಒಬ್ಬನೇ ಹೋದ, ನಾನೂ ಅಮ್ಮನೂ ಮನೆಯ ಗೇಟಿನಲ್ಲಿ ನಿಂತಿದ್ದೆವು. ತಿರುವಿನಿಂದಲೇ ಹಾರ್ನ್ ಹೊಡೆದುಕೊಂಡು ಬಂದ. ಪಾಸಾಗಿತ್ತು. ಅಮ್ಮ ಕಾರಿನ ಬಿಲ್ಲೆಯನ್ನು ಸೆರಗಿನಿಂದ ಒರಸಿ ಒಳಗೆ ಹೋದಳು, ಅಂದು ಸಂಜೆ ಮೂರು ಬಗೆಯ ಮೀನು ಮಾಡಿದಳು. ನನಗೆ ಅಷ್ಟು ಸಂತೋಷ ಈಚೆಗೆ ಯಾವುದಕ್ಕೂ ಆಗಿರಲಿಲ್ಲ.

ಮುಂದಿನ ಭಾನುವಾರ ಮಾತು ಕೊಟ್ಟಂತೆ ಬಿಕರ್ನಕಟ್ಟೆಗೆ ಹೋದೆವು. ಅವರು ಇಸ್ತ್ರಿ ಹಾಕಿದ ಅಂಗಿ ಹಾಕಿಕೊಂಡು ರಸ್ತೆಗೇ ಬಂದು ನಿಂತಿದ್ದರು. ನಾನು ಸರಿದು ಅವರಿಗೆ ಹಿಂದೆ ಜಾಗ ಮಾಡಿಕೊಟ್ಟೆ. ಅಷ್ಟರಲ್ಲಿ ಅಮ್ಮ ಮುಂದಿನ ಬಾಗಿಲು ತೆಗೆದು ಇಳಿದಳು. ಅಣ್ಣ ಗಾಬರಿಯಾಗಿ, "ಎಂತ ಆಯ್ತಮ್ಮ?" ಎಂದ.

"ಪೊರ್ಬುಲೇ, ನೀವು ಮುಂದೆ ಕೂತ್ಕೊಳ್ಳಿ."

"ಬೇಡ ಬೇಡ, ಅದು ನಿಮ್ಮ ಸೀಟು. ನೀವೇ ಅವತ್ತು ಹೇಳಿದ್ರಲ್ಲ."

"ಹಿಂದಿನ ಅರ್ಧ ನಿಮ್ಮದಲ್ವಾ? ನಿಮ್ಮದರಲ್ಲಿ ನಾನು ಕೂತ್ಕೊಳ್ತೇನೆ, ನನ್ನದರಲ್ಲಿ ನೀವು."

ಹಿಂದಿನ ಬಾಗಿಲು ತೆಗೆದು, ಸೀರೆ ಒಟ್ಟುಮಾಡಿಕೊಂಡು ನನ್ನ ಪಕ್ಕ ಕೂತು, ಬಾಗಿಲು ಎಳೆದುಕೊಂಡಳು. ಧಪ್ಪೆಂದು ಶಬ್ದವಾಯಿತು. ಮುಂದೆ ಅವರೂ ಬಾಗಿಲು ಹಾಕಿಕೊಂಡರು, ಕನ್ನಡಿಯಲ್ಲಿ ಕಾಣುವಂತೆ ತಲೆಯಾಡಿಸಿದರು. ಅಣ್ಣ ಗೇರ್ ಹಾಕಿದ.

ಪಂಪ್‌ವೆಲ್ ಫ್ಲೈಓವರ್ ಏರುವಾಗ ಅಮ್ಮ ಕಿಟಕಿಯ ಗಾಜು ಪೂರ್ತಿ ಇಳಿಸಿದಳು. ಗಾಳಿಗೆ ಅವಳ ಬಿಳಿ ಕೂದಲು ಮುಖದ ತುಂಬ ಹಾರುತ್ತಿತ್ತು. ಕೆಳಗಿನ ರಸ್ತೆಯಲ್ಲಿ ಒಂದು ಸಿಟಿ ಬಸ್ಸು ಜನರನ್ನು ಹತ್ತಿಸಿಕೊಳ್ಳುತ್ತಿತ್ತು. ಅದನ್ನು ನೋಡಿ ಮುಗಿಸಿ ನನ್ನ ಕಡೆ ತಿರುಗಿದಳು.

"ಹಿಂದೆ ಇಷ್ಟು ಗಾಳಿ ಬರ್ತದೆ ಅಂತ ನೀನು ಒಮ್ಮೆಯೂ ಹೇಳಲಿಲ್ಲ ಅಲ್ಲ ಮಗಾ!" ಎಂದು ನನ್ನನ್ನೇ ಗದರಿದಳು.