ಅವ್ವನ ಪಾಲಿನ ಪೂರಿ

ಕಾದ ಎಣ್ಣೆಯಲ್ಲಿ ಪೂರಿ ಉಬ್ಬುವ ವಾಸನೆ ಎಲ್ಲಿಂದಾದರೂ ಬಂದರೆ ಈಗಲೂ ನನಗೆ ಪುಣೆಯ ಶನಿವಾರ ಪೇಠೆಯ ನಮ್ಮ ಎರಡು ಕೋಣೆಯ ಮನೆ ನೆನಪಾಗುತ್ತದೆ; ಅದರ ಬೆನ್ನಿಗೇ ಅಪ್ಪನ ನಾಲಿಗೆ ನೆನಪಾಗಿ ಮೈ ಉರಿಯುತ್ತದೆ. ಇಂಗ್ರೇಜರ ಕಾಲ. ಧಾರವಾಡದಿಂದ ಕಾರಕೂನಿಕೆಗೆಂದು ಬಂದ ಅಪ್ಪ ಆ ಊರಿನಲ್ಲಿ ಕಲಿತದ್ದು ಒಂದೇ ವಿದ್ಯೆ, ಹೋಟೆಲಿನಲ್ಲಿ ತಿನ್ನುವುದು. ಕ್ಯಾಂಪಿನ ಇರಾಣಿಯ ಬನ್ ಮಸ್ಕಾ, ಪೇಠೆಯ ಮಿಸಳ, ಕೊಂಕಣದ ಹೆಂಗಸೊಬ್ಬಳ ಖಾನಾವಳಿಯ ಸೋಲಕಢಿ, ಉಡುಪಿಯವರ ಮಸಾಲೆ ದೋಸೆ, ಎಲ್ಲ ಬಾಯಿಪಾಠ. ಸಂಜೆ ಎಲ್ಲೆಲ್ಲೋ ತಿಂದು ತೇಗುತ್ತ ಬಂದು, ಅವ್ವ ಬೆವರಿಳಿಸಿ ಬಡಿದ ರೊಟ್ಟಿಯ ಅಂಚನ್ನು ಚಿವುಟಿ ನೋಡಿ, ಇದು ಬೆಂದಿಲ್ಲ, ಪಲ್ಯಕ್ಕೆ ಒಗ್ಗರಣೆ ಸಾಲದು ಎಂದು ತೀರ್ಪು ಕೊಡುತ್ತಿದ್ದರು. ಅರಮನೆಯಲ್ಲಿ ಹುಟ್ಟಿದವರ ಗತ್ತು! ನುಚ್ಚು ಮಜ್ಜಿಗೆ ಕುಡಿದು ಬೆಳೆದವರೆಂದು ಅಜ್ಜಿಯೇ ನನಗೆ ಹೇಳಿದ್ದಳು. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಿರಬೇಕು.

ಅವ್ವ ಎದುರಾಡಿದವಳಲ್ಲ. ಅಪ್ಪ ಉಂಡೆದ್ದ ಮೇಲೆ ಅವ್ವ ಅದೇ ತಟ್ಟೆಗೆ ಬಡಿಸಿಕೊಂಡು ಉಣ್ಣುವುದು ನಮ್ಮಲ್ಲಿಯ ಪದ್ಧತಿ. ಅಷ್ಟರಲ್ಲಿ ಅನ್ನ, ಸಾರು ಎಲ್ಲ ಆರಿ ತಣ್ಣಗಾಗಿರುತ್ತಿತ್ತು. ಒಂದು ಭಾನುವಾರ ಮಾತ್ರ, ಅಪ್ಪ ಉಡುಪಿ ಹೋಟೆಲಿನ ಪೂರಿಯನ್ನು ಕೊಂಡಾಡುತ್ತಿದ್ದಾಗ, ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಅಂದಳು: “ನನ್ನೂ ಒಮ್ಮೆ ಕರಕೊಂಡ ಹೋಗ್ರಿ. ಬ್ಯಾರೆಯವರ ಕೈಲೆ ಮಾಡಿದ್ದು, ಬಿಸಿ ಇದ್ದಾಗ ಉಣಬೇಕು ಅನಸ್ತದ.”

ಅಪ್ಪ ದೊಡ್ಡ ಮನಸ್ಸು ಮಾಡಿದರು. ಅವ್ವ ಮದುವೆಯ ಇಳಕಲ್ ಸೀರೆ ಉಟ್ಟಳು. ಹೋಟೆಲಿನಲ್ಲಿ ಹೆಂಗಸರಿಗೆಂದು ಪರದೆ ಹಾಕಿದ ಫ್ಯಾಮಿಲಿ ರೂಮು. ಸಪ್ಲೈಯರ್ ಮೂರು ತಟ್ಟೆ ತಂದಿಟ್ಟ, ಒಂದೊಂದರಲ್ಲೂ ಚೆಂಡಿನಂತೆ ಉಬ್ಬಿದ ಎರಡು ಪೂರಿ. ನಾನು ಎಂಟು ವರ್ಷದವಳು, ಮುಗಿಬಿದ್ದೆ. ಅಪ್ಪ ಕಣ್ಣು ಮುಚ್ಚಿ ಅಗಿಯುತ್ತ ಆಲೂಗಡ್ಡೆ ಪಲ್ಯದ ಗುಣಗಾನ ಮಾಡುತ್ತಿದ್ದರು. ಅವ್ವ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಗಂಡ ಉಂಡೇಳುವ ಮೊದಲು ತುತ್ತೆತ್ತುವುದು ಅವಳಿಗೆ ಗೊತ್ತೇ ಇರಲಿಲ್ಲ. ಅವಳ ಪೂರಿಗಳು ಮೆಲ್ಲಗೆ ಕುಸಿದು ಚಪ್ಪಟೆಯಾದವು. ನೀರು ತಂದ ಸಪ್ಲೈಯರ್ ಮಾತ್ರ ಅದನ್ನು ಕಂಡ. “ಅಮ್ಮಾ, ತಣ್ಣಗಾಗ್ತದೆ, ತಿನ್ನಿ,” ಅಂದ. ಅವಳು ಅಪ್ಪನ ಮುಖ ನೋಡಿದಳು. ಅಪ್ಪನ ತಟ್ಟೆ ಬರಿದಾಗಿತ್ತು.

“ಸೇರಲಿಲ್ಲೇನು ನಿನಗ? ಹಳ್ಳಿ ನಾಲಗಿ,” ಎಂದು ನಕ್ಕು, ಅವಳ ತಟ್ಟೆಯನ್ನು ತಮ್ಮತ್ತ ಎಳೆದುಕೊಂಡು ಎರಡೂ ಪೂರಿ ತಿಂದರು, ಆ ಪುಣ್ಯಾತ್ಮರು. ಮರುದಿನ ಕಚೇರಿಯಲ್ಲಿ, ಹೆಂಡತಿಯನ್ನು ಹೋಟೆಲಿಗೆ ಕರೆದೊಯ್ದ ಸುಧಾರಕ ತಾನೊಬ್ಬನೇ ಎಂದು ಹೇಳಿಕೊಂಡರಂತೆ. ಥೂ!

ಅವರನ್ನು ಬೈದು ಇಲ್ಲಿಗೆ ಮುಗಿಸಿದ್ದರೆ ನನಗೆ ಹಗುರಾಗುತ್ತಿತ್ತು. ಆದರೆ ಮನೆಗೆ ಬಂದು ಸೀರೆ ಬದಲಿಸಿ, ಮುಂಜಾನೆಯ ರೊಟ್ಟಿಯನ್ನು ಮೊಸರಿಗೆ ಮುರಿದುಕೊಳ್ಳುತ್ತ ಅವ್ವ ನನ್ನನ್ನು ಹತ್ತಿರ ಕರೆದು ಕೇಳಿದಳು: “ಹೆಂಗಿತ್ತವಾ ಪೂರಿ?”

ನಾನು ಅಪ್ಪನ ಹಾಗೆಯೇ ಹುಬ್ಬು ಏರಿಸಿ ಹೇಳಿದೆ: “ಭಾಳ ಛಲೋ ಇತ್ತು. ನಿನಗ ಹಂಗ ಮಾಡ್ಲಿಕ್ಕೆ ಬರೂದಿಲ್ಲ.”

“ಹೌದೇನು,” ಎಂದು ರೊಟ್ಟಿ ಅಗಿದಳು. ಮತ್ತೆಂದೂ ಹೋಟೆಲಿನ ಮಾತೆತ್ತಲಿಲ್ಲ. ಮೂರನೆಯ ವರ್ಷ ವಿಷಮಜ್ವರದಲ್ಲಿ ಹೋದಳು. ಆ ಮನೆಯೂ ಈಗ ಇಲ್ಲ, ಆ ಹೋಟೆಲೂ ಇಲ್ಲ. ಅಂದಿನ ಪೂರಿಯಲ್ಲಿ ಅವ್ವನ ಪಾಲಿಗೆ ಬಂದದ್ದು ನನ್ನ ಆ ಮಾತು ಒಂದೇ.