ಮುಚಾನೆತಜ್ಜಿಯ ಕೆಂಪು ತೊಗಟೆ

ಚಿಪಿಂಗೆ ಗುಡ್ಡಗಳ ಕಡೆ ಮುಚಾನೆತಜ್ಜಿಯ ಕಷಾಯ ಕುಡಿಯದೆ ಬೆಳೆದವರು ಕಡಿಮೆ. ಕೂಸಿಗೆ ಭೇದಿ ಹತ್ತಿದರೆ ತಾಯಂದಿರು ಮೊದಲು ಅವಳ ಬಾಗಿಲಿಗೇ ಬರುತ್ತಿದ್ದರು. ಅವಳು ಕೆಂಪು ತೊಗಟೆ ಕುದಿಸಿ, ಸೋಸಿ, ತಾಯಿಯ ಕಣ್ಣೆದುರೇ ಮೊದಲ ಗುಟುಕು ತಾನು ಕುಡಿದು, ಆಮೇಲೆ ಕೂಸಿನ ಬಾಯಿಗೆ ಹಾಕುತ್ತಿದ್ದಳು. ಮದ್ದು ಕೊಡುವವರು ಹೀಗೆ ಕುಡಿದು ತೋರಿಸಲೇಬೇಕು. ಇಲ್ಲದಿದ್ದರೆ ಯಾರು ನಂಬುತ್ತಾರೆ? ಅಜ್ಜಿಯ ಬಾಯಿಯೂ ಬಲು ಜೋರು. ಇದು ಎಳೆಗೂಸುಗಳಿಗೆ ಆಗುತ್ತೋ ಇಲ್ಲವೋ ಪರೀಕ್ಷೆ ಮಾಡಿಸಿ ಎಂದ ಕ್ಲಿನಿಕ್ಕಿನ ನರ್ಸಿಗೆ, ನೀನೂ ಇದನ್ನೇ ಕುಡಿದು ಬೆಳೆದವಳಲ್ಲವೇ ಎಂದು ಬಾಯಿ ಮುಚ್ಚಿಸಿದ್ದಳು.

ಆದರೂ ಆ ಮಾತು ಒಳಗೇ ಕೊರೆಯುತ್ತಿತ್ತು. ಕೊನೆಗೆ ತೊಗಟೆಯ ಗಂಟು ಕಟ್ಟಿಕೊಂಡು ಮುತಾರೆ ಪಟ್ಟಣದ ಬಸ್ಸು ಹತ್ತಿದಳು. ಅಲ್ಲಿನ ಲ್ಯಾಬೊಂದರಲ್ಲಿ ಅವಳ ತಂಗಿಯ ಮೊಮ್ಮಗಳು ವಿಂಬಾಯ್ ಕೆಲಸಕ್ಕಿದ್ದಳು. ಅಜ್ಜಿ ಮನೆಯ ಹದಕ್ಕೇ ಕಷಾಯ ಕಾಯಿಸಿ ಅವಳ ಕೈಗಿಟ್ಟಳು.

ಮರುದಿನ ವಿಂಬಾಯ್ ಗಾಜಿನ ತಟ್ಟೆ ತಂದು ತೋರಿಸಿದಳು. ಭೇದಿಯ ರೋಗಾಣುಗಳು ಗಂಜಿಯ ಕೆನೆಯಂತೆ ತಟ್ಟೆ ತುಂಬ ಹಬ್ಬಿದ್ದವು. ನಡುವೆ ಕಷಾಯ ಹನಿಸಿದ ಸಣ್ಣ ಕುಳಿಯ ಸುತ್ತ ಮಾತ್ರ ದುಂಡಗೆ ಖಾಲಿ. ಅಲ್ಲಿ ಒಂದೂ ಬೆಳೆದಿರಲಿಲ್ಲ. ಇಷ್ಟು ವರ್ಷ ನಂಬಿದ್ದನ್ನು ಅಜ್ಜಿ ಆವತ್ತು ಕಣ್ಣಾರೆ ಕಂಡಳು. ಕುಕ್ಕರಗಾಲಲ್ಲಿ ಕೂತು, ತಮ್ಮ ಕಡೆ ಹಿರಿಯರಿಗೆ ಗೌರವ ಕೊಡುವಂತೆ ಅಂಗೈ ಬೊಗಸೆ ಮಾಡಿ, ಆ ತಟ್ಟೆಗೆ ಮೆಲ್ಲಗೆ ಚಪ್ಪಾಳೆ ತಟ್ಟಿದಳು.

"ಇನ್ನೊಂದು ನೋಡೋದಿದೆ ಅಜ್ಜಿ," ಎಂದಳು ವಿಂಬಾಯ್.

ಮೇಜಿನ ಮೇಲೆ ಉಪ್ಪುನೀರಿನ ಎರಡು ಗಾಜಿನ ಲೋಟಗಳಿದ್ದವು. ಒಂದರಲ್ಲಿ ಧೂಳಿನಷ್ಟು ಸಣ್ಣ ಸೀಗಡಿ ಮರಿಗಳು ಬೆಳಕಿನ ಕಡೆ ಈಜುತ್ತಿದ್ದವು. ಕಷಾಯ ಬೆರೆಸಿದ ಇನ್ನೊಂದರಲ್ಲಿ ಎಲ್ಲವೂ ತಳ ಸೇರಿದ್ದವು. ಅಜ್ಜಿ ಲೋಟ ಅಲುಗಿಸಿದಳು. ಒಂದೂ ಮಿಸುಕಲಿಲ್ಲ.

ಸೀಗಡಿ ಸತ್ತಿತೆಂದರೆ ಮನುಷ್ಯರೂ ಸಾಯುತ್ತಾರೆ ಎಂದಲ್ಲ, ಇದು ವಿಷವಿರಬಹುದು ಎಂಬ ಎಚ್ಚರಿಕೆಯಷ್ಟೇ, ಇನ್ನೂ ಪರೀಕ್ಷೆಗಳಿವೆ ಎಂದು ವಿಂಬಾಯ್ ಸಮಾಧಾನ ಹೇಳಿದಳು. ಅಜ್ಜಿ ಲೋಟದಿಂದ ಕಣ್ಣು ಕೀಳಲಿಲ್ಲ.

"ನಂಗೇನೂ ಆಗ್ಲಿಲ್ಲ, ಇನ್ನು ಕೂಸಿಗೇನಾಗುತ್ತೆ ಅಂದ್ಕೊಂಡಿದ್ದೆ. ಈ ಕೋಣನಂಥ ಮೈ ಎಲ್ಲಿ, ಅಂಗೈಯಗಲದ ಕೂಸೆಲ್ಲಿ ಮಗಾ?"

ಅವಳ ಕಷಾಯ ಕುಡಿದೂ ಉಳಿಯದ ಕೂಸುಗಳಿದ್ದವು. ಅವು ರೋಗದಿಂದ ಹೋದವೋ, ತನ್ನ ಕೈಯಿಂದಲೋ? ಅದನ್ನು ಹೇಳುವ ತಟ್ಟೆ ಯಾವ ಲ್ಯಾಬಿನಲ್ಲೂ ಇರಲಿಲ್ಲ.

ಊರಿಗೆ ಮರಳಿದ ದಿನವೇ ತಾಯಿಯೊಬ್ಬಳು ಬಾಡಿದ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಬಂದಳು. ಅಜ್ಜಿ ಒಲೆ ಹಚ್ಚಲಿಲ್ಲ. ಅವಳ ಕೈ ಹಿಡಿದು ಸೀದಾ ಕ್ಲಿನಿಕ್ಕಿನ ದಾರಿ ಹಿಡಿದಳು. ತಾಯಿಗೆ ಕಸಿವಿಸಿ. ತೊಗಟೆ ಮೇಲೆ ನಿಮಗೇ ನಂಬಿಕೆ ಹೋಯಿತೇ ಎಂದು ದಾರಿಯಲ್ಲಿ ಕೇಳಿಯೇಬಿಟ್ಟಳು.

"ಹೋಗಿಲ್ಲ ಕಣೇ," ಎಂದಳು ಅಜ್ಜಿ. "ಅದರ ಶಕ್ತಿ ಎಷ್ಟು ಅಂತ ಈಗ ನೋಡ್ಕೊಂಡು ಬಂದಿದೀನಿ. ಅದಕ್ಕೇ ಕೂಸಿನ ಬಾಯಿಗೆ ಹಾಕೋಕೆ ಹೆದರಿಕೆ."