ಹೊಟ್ಟೆ ಸೀಳಿದ ದ

ದೊಡವಾಡದ ಬಸ್ ನಿಲ್ದಾಣದ ಎದುರಿನ ಗೋಡೆಯ ಮೇಲೆ ‘ಮೂರು ನವಿಲು ಗುಟ್ಕಾ’ ಎಂದು ಬರೆದವನು ಬಸವರಾಜನಲ್ಲ. ನಾನು.

ಇಷ್ಟು ಹೇಳಲು ಎಂಟು ವರ್ಷ ಹಿಡಿಯಿತು. ಬೈಲಹೊಂಗಲದಲ್ಲಿ ನಾನು ಅಣಕಿಸದ ಮನುಷ್ಯನಿಲ್ಲ — ಹೆಡ್‌ಮಾಸ್ತರರು ಮೂಗಿನಿಂದ ಬೈಯುವುದು, ಸವದತ್ತಿ ಬಸ್ಸಿನ ಕಂಡಕ್ಟರ್ ಸೀಟಿ ಊದುವ ಮೊದಲು ಕೆಮ್ಮುವುದು, ನಮ್ಮಪ್ಪ ನನ್ನನ್ನು ನೋಡಿ ‘ಉದ್ಧಾರ ಆಗಂಗಿಲ್ಲ ಇಂವಾ’ ಎನ್ನುವುದು. ಕೊನೆಯದನ್ನಂತೂ ಅಪ್ಪನಿಗಿಂತ ನಾನೇ ಚೆನ್ನಾಗಿ ಹೇಳುತ್ತೇನೆ. ಇಷ್ಟು ಬಾಯಿ ಇದ್ದವನು ಒಂದು ಮಾತು ಮಾತ್ರ —

ಇರಲಿ. ಮೊದಲಿನಿಂದ ಹೇಳುತ್ತೇನೆ.

ನಾನು ಮತ್ತು ಬಸು, ಅಂದರೆ ಬಸವರಾಜ, ಸೇರಿ ‘ಕಿಡಿ ಆರ್ಟ್ಸ್’ ಎಂಬ ಅಂಗಡಿ ತೆರೆದಿದ್ದೆವು. ಬೋರ್ಡು, ಬ್ಯಾನರು, ಗೋಡೆಬರಹ. ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಬಸು ಬರೆದಿದ್ದ: ‘ಇಲ್ಲಿ ಸಾಹುಕಾರರ, ಪುಢಾರಿಗಳ ಕೆಲಸ ಮಾಡುವುದಿಲ್ಲ.’ ಆರು ತಿಂಗಳಾದರೂ ಒಬ್ಬ ಸಾಹುಕಾರನೂ ಬರಲಿಲ್ಲ. ಯಾರನ್ನು ತಿರಸ್ಕರಿಸುವುದು ಎಂದು ಬಸು ಬಾಗಿಲಲ್ಲೇ ಕಾಯುತ್ತಿದ್ದ. ಹಾಲಿನ ಡೇರಿಯ ಬೋರ್ಡು ಬರೆಯುವುದು ನಮ್ಮ ತತ್ತ್ವಕ್ಕೆ ಒಪ್ಪುತ್ತದೆಯೇ ಎಂದು ಒಂದು ಮಧ್ಯಾಹ್ನವಿಡೀ ವಾದ ಮಾಡಿದೆವು. ಕೊನೆಗೆ ಅವನೇ ತೀರ್ಪು ಕೊಟ್ಟ: “ಎಮ್ಮಿನೂ ದುಡಿಯೂ ವರ್ಗನ ಅಲ್ಲೇನಲೇ? ಬರಿ.” ಆಮೇಲೆ ಗಿರಣಿ, ಕ್ಷೌರದಂಗಡಿ, ಟ್ರ್ಯಾಕ್ಟರಿನ ಟ್ರೇಲರು — ಎಲ್ಲವೂ ಒಂದೊಂದಾಗಿ ಶೋಷಿತ ವರ್ಗಕ್ಕೆ ಸೇರಿದವು.

ಆದರೆ ಅವನ ಅಕ್ಷರ! ದಾರಿಹೋಕರು ನಿಂತು ಓದುತ್ತಿದ್ದರು. ಅದರಲ್ಲೊಂದು ದೋಷವೂ ಇತ್ತು. ಸಿಟ್ಟಿನಿಂದ ಬರೆಯುವಾಗ ಬಸು ಯಾವ ದಕಾರವನ್ನೂ ಸುಮ್ಮನೆ ಬಿಡುತ್ತಿರಲಿಲ್ಲ. ಎಲ್ಲದರ ಹೊಟ್ಟೆ ಸೀಳಿ ‘ಧ’ ಮಾಡುತ್ತಿದ್ದ. ‘ಧಬ್ಬಾಳಿಕೆಗೆ ಧಿಕ್ಕಾರ.’ ಅರ್ಧ ತಪ್ಪು ಎಂದರೆ, “ವ್ಯಾಕರಣ ಸಾಹುಕಾರರದಲೇ” ಎನ್ನುತ್ತಿದ್ದ.

ದೊಡವಾಡದ ಹೆಣ್ಣುಮಕ್ಕಳ ಸಂಘದವರು ಸಾರಾಯಿ ಅಂಗಡಿ ಮುಚ್ಚಿಸಲು ಹೊರಟಾಗ ಅವರಿಗೆ ಗೋಡೆ ಬರೆದುಕೊಟ್ಟವನು ಅವನೇ: ‘ಸಾರಾಯಿ ಧಂಧೆ ಬಂಧ್ ಮಾಡ್ರಿ.’ ಸಂಘದ ಗಂಗವ್ವ ಸಾಕ್ಷರತಾ ವರ್ಗದಲ್ಲಿ ಆಗತಾನೆ ಅಕ್ಷರ ಕಲಿಯುತ್ತಿದ್ದಳು. ದಕಾರ ಕಲಿತದ್ದು ಈ ಗೋಡೆ ನೋಡಿ. ಮಾಸ್ತರ ತಪ್ಪೆಂದಾಗ, “ನಮ್ಮ ಬಸವರಾಜ ಹಿಂಗ ಬರೀತಾನ್ರಿ, ನೀವ ತಿದ್ಕೋರಿ” ಎಂದು ಅವರನ್ನೇ ತಿದ್ದಿದವಳು.

ಬಸು ಒಂದು ದಿನ ರಾಮದುರ್ಗಕ್ಕೆ ಹೋಗಿದ್ದಾಗ ಕೊನೆಗೂ ಒಬ್ಬ ಸಾಹುಕಾರ ಬಂದ. ಆ ಸಾರಾಯಿ ಅಂಗಡಿಯವನೇ. ಗುಟ್ಕಾ ಏಜೆನ್ಸಿಯೂ ಅವನದೇ. ಬಸುವಿನ ಅಕ್ಷರವೇ ಬೇಕೆಂದ. “ಆ ಅಕ್ಷರ ಮಂದಿ ನಂಬತಾರಪಾ.”

“ಬಸು ಒಪ್ಪಂಗಿಲ್ರಿ, ಸಾಹುಕಾರ್ರ.”

ಆತ ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದ. “ನೀ ಎಲ್ಲಾರ ಧ್ವನಿ ತಗೀತಿ ಅಂತಲ್ಲ. ಅವನ ಕೈ ತಗ್ಯಾಕ ಬರೂದಿಲ್ಲೇನು?”

ನೋಡಿ, ಆಸೆಗೆ ಬಿದ್ದೆ ಎಂದರೆ ಅದಕ್ಕೂ ಒಂದು ಮರ್ಯಾದೆ ಇರುತ್ತಿತ್ತು. ನಾನು ಬಿದ್ದದ್ದು ಆ ‘ಬರೂದಿಲ್ಲೇನು’ ಎಂಬ ಮಾತಿಗೆ. ಬಾರದೇ ಇರುವುದುಂಟೇ! ಮರುದಿನವೇ ಹೋಗಿ ಬರೆದೆ. ರಕಾರದ ಬಾಲ, ಒತ್ತಕ್ಷರದ ಒರಗು, ಎಲ್ಲ ಅವನದೇ. ಕೆಳಗಿನ ಸಾಲು: ‘ಧಿನಾ ಹೊಸ ಸ್ವಾಧ.’ ತಪ್ಪನ್ನೂ ತಪ್ಪಿಲ್ಲದೆ ನಕಲು ಮಾಡಿದ್ದೆ. ದೂರ ನಿಂತು ನೋಡಿ ನನಗೆ ನಾನೇ ಚಪ್ಪಾಳೆ ಹೊಡೆದುಕೊಂಡೆ.

ಮೂರನೆಯ ದಿನ ಗಂಗವ್ವ ನಾಲ್ಕು ಜನರನ್ನು ಕಟ್ಟಿಕೊಂಡು ಅಂಗಡಿಗೆ ಬಂದಳು.

“ಏನೋ ಬಸವರಾಜ, ನಮ್ಮ ಗ್ವಾಡಿ ಮ್ಯಾಲ ಬಂದ್ ಮಾಡ್ರಿ ಅಂತಿ, ಆಚಿ ಗ್ವಾಡಿ ಮ್ಯಾಲ ಅವನ ಮಾಲ ತಿನ್ರಿ ಅಂತಿ. ಎರಡು ಬಾಯಿ ಅದಾವೇನೋ ನಿನಗ?”

“ನಾ ಬರದಿಲ್ಲಬೇ ಯವ್ವಾ!”

“ಹೊಟ್ಟಿ ಹರದ ದ ಈ ನಾಡಾಗ ಮತ್ತ್ಯಾರು ಬರೀತಾರೋ? ಆ ದ ಕಲತ ಮಾಸ್ತರ ಕಡೆ ಬೈಸ್ಕೊಂಡಾಕಿ ನಾನು!”

ನನಗೆ ನಗು ಬಂತು. ಹೌದು, ನಗು. ಬಣ್ಣದ ಡಬ್ಬಿಯ ಹಿಂದೆ ಮುಖ ಮುಚ್ಚಿಕೊಂಡೆ.

ಬಸು ನನ್ನನ್ನೇ ಜೊತೆಗೆ ಕರೆದುಕೊಂಡು ದೊಡವಾಡಕ್ಕೆ ಹೋದ. ಗೋಡೆಯ ಮುಂದೆ ಬಹಳ ಹೊತ್ತು ನಿಂತ. ಬೆರಳಿನಿಂದ ಆ ದಕಾರಗಳ ಮೇಲೆ ತಿದ್ದಿದ. ಸಿಟ್ಟು ಇಳಿದು ಮುಖದಲ್ಲಿ ಬೇರೇನೋ ಬಂತು — ಹೆದರಿಕೆ.

“ಇದು ನನ್ನ ಕೈಯಲೇ,” ಎಂದ. “ಯಾವಾಗ ಬರದೆ ನಾ?”

ಆಗ ಹೇಳಬಹುದಿತ್ತು. ಎರಡು ಏಟು ಹಾಕುತ್ತಿದ್ದ, ಸಂಜೆಗೆ ಚಹಾ ಕುಡಿಸುತ್ತಿದ್ದ. ಆದರೆ ನಾನು — ಈ ವಾಕ್ಯ ಬರೆಯಲು ಈಗಲೂ ಕೈ ಬರುತ್ತಿಲ್ಲ — ನಾನು ಹೇಳಿದ್ದು ಇದು:

“ಹ್ವಾದ ವಾರ ಜ್ವರದಾಗ ಮೂರ್ನಾಕು ಗ್ವಾಡಿ ಬರದಿಯಲಾ. ಯಾರ ಮಾಲು ಅಂತ ಲಕ್ಷ್ಯ ಇರಾಕಿಲ್ಲ ಬಿಡು.”

ಜ್ವರವೇನೋ ನಿಜವಾಗಿ ಬಂದಿತ್ತು. ಅವನು ನಂಬಿದ. ತನ್ನ ನೆನಪನ್ನು ಬಿಟ್ಟು ನನ್ನ ಮಾತನ್ನು ನಂಬಿದ. ನೇರ ಗಂಗವ್ವನ ಮನೆಗೆ ಹೋಗಿ, “ತಪ್ಪಾತಬೇ ಯವ್ವಾ, ನನ್ನ ಕೈನ ಅದು” ಎಂದು ತಲೆತಗ್ಗಿಸಿ ನಿಂತ. ಆಕೆ ಬೈಯಲಿಲ್ಲ. ಸಂಘದವರು ಸುಣ್ಣದ ಬಕೀಟು ತಂದು ಎರಡೂ ಗೋಡೆ ಬಳಿದರು. ಮೊದಲು ಬಳಿದದ್ದು ಅವನು ಅವರಿಗಾಗಿ ಬರೆದ ಗೋಡೆಯನ್ನು.

ಊರಿಗೆ ಬಂದವನೇ ಬಾಗಿಲ ಮೇಲಿನ ಸಾಲನ್ನು ಅಳಿಸಿದ. “ನನಗೇನು ಹಕ್ಕೈತಲೇ ಇನ್ನ?” ಎಂದ. ಆಮೇಲೆ ಪುಢಾರಿಗಳ ಹುಟ್ಟುಹಬ್ಬ, ಸಾಹುಕಾರರ ಮದುವೆ, ಏನು ಬಂದರೂ ಮಾಡಿದ. ಈಗ ನಮ್ಮಲ್ಲಿ ಕಂಪ್ಯೂಟರು ಇದೆ, ಫ್ಲೆಕ್ಸ್ ಇದೆ. ಕುಂಚ ಹಿಡಿಯುವುದನ್ನೇ ಅವನು ಬಿಟ್ಟಿದ್ದಾನೆ. ‘ಕ್ರಾಂತಿಕಾರಿ ಬಸು ಕಡೀಕ ದಾರೀಗೆ ಬಂದ’ ಎಂದು ಊರು ನಗುತ್ತದೆ. ಆ ನಗುವಿಗೆ ಅವನ ನಡಿಗೆ ಅಣಕಿಸಿ ತಾಳ ಹಾಕಿದವನೂ ನಾನೇ.

ನಮ್ಮ ತಾಲೂಕಿನ ವಾರಪತ್ರಿಕೆಯೊಂದಕ್ಕೆ ಇದನ್ನು ಬರೆದಿದ್ದೇನೆ. ಅದರ ಪುಟಗಳು ಸಿದ್ಧವಾಗುವುದು ನಮ್ಮ ಅಂಗಡಿಯಲ್ಲೇ. ಅಕ್ಷರ ಕೂರಿಸುವವನು ಬಸು. ಅಂದರೆ ಇದರ ಮೊದಲ ಓದುಗ ಅವನು.

ಬಸೂ, ಇಲ್ಲಿಯವರೆಗೆ ಟೈಪು ಮಾಡಿದ್ದರೆ ಕೈ ನಿಲ್ಲಿಸಬೇಡ, ಅಚ್ಚಿಗೆ ಕಳಿಸು. ನಾನು ಹನ್ನೊಂದರ ಬಸ್ಸಿಗೆ ದೊಡವಾಡಕ್ಕೆ ಹೊರಟಿದ್ದೇನೆ. ಗಂಗವ್ವನಿಗೆ ಕಾಗದದಲ್ಲಿ ಹೇಳುವುದು ಸರಿಯಲ್ಲ, ಎದುರು ಕುಳಿತು ಹೇಳಬೇಕು. ಬಂದು ಹೊಡೆಯುವುದಿದ್ದರೆ ಅಲ್ಲಿಗೇ ಬಾ. ಆಕೆಯ ಮುಂದೆಯೇ ಹೊಡಿ.